ಕಣ್ಣಿಗೆ ಹೋಗುವ ಕೈ

"ಕಣ್ಣು ಮುಚ್ಚಬೇಡಿ ಸರ್. ನನ್ ಬೆರಳು ಇನ್ನೂ ಹತ್ರಾನೇ ಬಂದಿಲ್ಲ."

ಆರ್.ಟಿ. ನಗರದ ಕಣ್ಣಿನ ಆಸ್ಪತ್ರೆಯ ಒಂದು ಸಣ್ಣ ಕೋಣೆಯಲ್ಲಿ, ಲೆನ್ಸ್ ಹಾಕಿಕೊಳ್ಳುವುದನ್ನು ಕಲಿಸುವ ಮೇಡಂ ಈ ಮಾತನ್ನು ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ನಾನು ಕಾಲೇಜು ಬಸ್ಸಿನ ಡ್ರೈವರ್. ಬಾಗಲಗುಂಟೆಯಿಂದ ಹುಡುಗ ಹುಡುಗಿಯರನ್ನು ಹತ್ತಿಸಿಕೊಂಡು, ರಿಂಗ್ ರೋಡ್ ಹಿಡಿದು, ಹೆಬ್ಬಾಳದ ಮೇಲ್ಸೇತುವೆ ದಾಟಿ, ಯಲಹಂಕದಾಚೆಯ ಕಾಲೇಜಿಗೆ ಮುಟ್ಟಿಸುವುದು ನನ್ನ ಕೆಲಸ. ಎಡಕ್ಕೆ ನೀರಿನ ಟ್ಯಾಂಕರು, ಬಲಕ್ಕೆ ಏರ್‌ಪೋರ್ಟಿಗೆ ಓಡುವ ಕ್ಯಾಬು, ನಡುವೆ ನುಸುಳುವ ಬೈಕು, ಯಾವುದಕ್ಕೂ ಹೆದರಿದವನಲ್ಲ. ಅಂಥವನು ಅಂಗಿಯ ತೋಳಿನ ಗುಂಡಿಯಷ್ಟೂ ಇಲ್ಲದ ಒಂದು ಪ್ಲಾಸ್ಟಿಕ್ ಬಿಲ್ಲೆಗೆ ಹೆದರಿ ಕುರ್ಚಿಯ ಕೈ ಹಿಡಿದುಕೊಂಡು ಬೆವರುತ್ತಿದ್ದೆ.

ಅದು ಪರೀಕ್ಷೆ ಮುಗಿದು ಕಾಲೇಜಿಗೆ ರಜೆ ಬಿಟ್ಟಿದ್ದ ಸಮಯ. ಅದಕ್ಕೂ ಮೊದಲು ಕೆಲವು ತಿಂಗಳಿಂದ ಎದುರಿನ ಗಾಡಿಗಳ ದೀಪಕ್ಕೆ ಬಾಲ ಬೆಳೆಯತೊಡಗಿತ್ತು. ಸಿಗ್ನಲ್ಲಿನ ಒಂದು ಕೆಂಪು ದೀಪ ಮೂರಾಗಿ ಕಾಣುತ್ತಿತ್ತು. ಕನ್ನಡಕ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಕಡೆಗೆ ದೊಡ್ಡ ಡಾಕ್ಟರು ಏನೇನೋ ಯಂತ್ರಗಳ ಮುಂದೆ ಗದ್ದ ಇಡಿಸಿ ನೋಡಿ ಹೇಳಿದರು: ಕಣ್ಣಿನ ಮುಂದಿನ ಪದರ ವಾಚಿನ ಗಾಜಿನ ಹಾಗೆ ದುಂಡಗಿರಬೇಕು; ನಿಮ್ಮದು ನಡುವೆ ತೆಳ್ಳಗಾಗಿ ಮುಂದಕ್ಕೆ ಚೂಪಾಗುತ್ತಿದೆ, ಕನ್ನಡಕದಿಂದ ಇದು ಸರಿಹೋಗುವುದಿಲ್ಲ, ಗಟ್ಟಿ ಲೆನ್ಸ್ ಹಾಕಲೇಬೇಕು. "ಕಣ್ಣು ಉಜ್ಜುವ ಅಭ್ಯಾಸ ಇದೆಯಾ?" ಎಂದರು. ಧೂಳಿಗೆ ಉಜ್ಜುತ್ತೇನೆ ಎಂದೆ. "ಇವತ್ತಿಂದ ಕಣ್ಣಿಗೆ ಕೈ ಮುಟ್ಟಿಸಬೇಡಿ" ಎಂದರು. ಹಾಗೆಂದವರೇ ಪಕ್ಕದ ಕೋಣೆಗೆ ಹೋಗಿ ಕಣ್ಣೊಳಗೆ ಬೆರಳಿಡುವುದನ್ನು ಕಲಿತುಕೊಳ್ಳಿ ಎಂದೂ ಹೇಳಿದರು. ಇವರಿಗೆ ಏನನ್ನಬೇಕು?

ಕಾಲೇಜಿನಲ್ಲಿ ಬಸ್ಸುಗಳನ್ನು ನೋಡಿಕೊಳ್ಳುವ ಸಾಹೇಬರಿಗೆ ಅಂದೇ ಹೇಳಿದೆ. ಅವರು ಬಸ್ಸಿನ ಕೀ ಇಸಿದುಕೊಂಡರು. "ಕಾಲೇಜು ಶುರುವಾಗೋದ್ರೊಳಗೆ ಕಣ್ಣಿನ ಫಿಟ್‌ನೆಸ್ ತನ್ನಿ. ತಂದ್ರೆ ನಿಮ್ಮ ರೂಟ್ ನಿಮಗೆ. ಇಲ್ಲಾಂದ್ರೆ ಗೇಟಲ್ಲಿ ನಿಂತ್ಕೊಳ್ಳಿ, ಬೇರೆ ಏನೂ ಮಾಡಕ್ಕಾಗಲ್ಲ" ಎಂದರು. ಸ್ಟೇರಿಂಗ್ ಬಿಟ್ಟರೆ ನನಗೆ ಬೇರೆ ವಿದ್ಯೆ ಬರುವುದಿಲ್ಲ. ವಿಜಯಪುರದ ಕಡೆಯಿಂದ ಬಂದು ಈ ಊರಿನಲ್ಲಿ ನೆಲೆ ನಿಂತದ್ದೇ ಆ ಒಂದು ಚಕ್ರ ಹಿಡಿದು.

ಆದರೆ ನಿಜ ಹೇಳುತ್ತೇನೆ, ಕೆಲಸಕ್ಕಿಂತ ಕಣ್ಣಿನ ಭಯವೇ ದೊಡ್ಡದಾಗಿತ್ತು. ನಮ್ಮ ದೊಡ್ಡಪ್ಪನ ಬಲಗಣ್ಣಿನಲ್ಲಿ ಹೂವು ಬಿದ್ದಿತ್ತು. ಜೋಳದ ರಾಶಿ ಮಾಡುವಾಗ ಒಂದು ರವದಿ, ಒಣ ಸಿಪ್ಪೆಯ ಚೂರು, ಹಾರಿ ಕಣ್ಣಿಗೆ ಬಡಿದು, ಕೀವಾಗಿ, ವಾಸಿಯಾಗುವಾಗ ಕಪ್ಪುಗುಡ್ಡೆಯ ಮೇಲೆ ಬಿಳಿ ಕಲೆ ಉಳಿದುಬಿಟ್ಟಿತು. ಚಿಕ್ಕಂದಿನಲ್ಲಿ ಅವರ ಎದುರು ಕೂತು ಊಟ ಮಾಡಲು ನನಗೆ ಹೆದರಿಕೆಯಾಗುತ್ತಿತ್ತು. ಲೆನ್ಸ್ ಮೇಡಂ "ಕೈ ತೊಳೀದೆ ಮುಟ್ಟಿದ್ರೆ, ನಲ್ಲಿ ನೀರಲ್ಲಿ ಲೆನ್ಸ್ ತೊಳೆದ್ರೆ, ಹಾಕ್ಕೊಂಡೇ ಮಲಗಿದ್ರೆ ಹುಣ್ಣಾಗತ್ತೆ, ಆಮೇಲೆ ಕಲೆ ಉಳಿಯತ್ತೆ" ಎಂದಾಗ ನನ್ನ ಕಣ್ಣೆದುರು ದೊಡ್ಡಪ್ಪನ ಕಣ್ಣೇ ಬಂದು ನಿಂತಿತು.

ವಿಧಾನ ಇಷ್ಟು. ಸೋಪು ಹಚ್ಚಿ ಕೈ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಬೇಕು. ಮೇಜಿನ ಮೇಲೆ ಕನ್ನಡಿ ಮಲಗಿಸಿ ಅದರ ಮೇಲೆ ಬಗ್ಗಬೇಕು. ತೋರುಬೆರಳ ತುದಿಯಲ್ಲಿ ಲೆನ್ಸನ್ನು ಬಟ್ಟಲಿನ ಹಾಗೆ ಕೂರಿಸಿ, ಅದರೊಳಗೆ ಒಂದು ಹನಿ ದ್ರಾವಣ ಬಿಡಬೇಕು. ಎಡಗೈಯಿಂದ ಮೇಲಿನ ರೆಪ್ಪೆಯನ್ನು ಕೂದಲಿನ ಬುಡದಲ್ಲೇ ಹಿಡಿದೆತ್ತಿ, ಬಲಗೈಯ ನಡುಬೆರಳಿಂದ ಕೆಳಗಿನದನ್ನು ಎಳೆದು, ಕನ್ನಡಿಯಲ್ಲಿ ನಮ್ಮದೇ ಕಣ್ಣನ್ನು ದಿಟ್ಟಿಸುತ್ತಾ ಬೆರಳನ್ನು ಮೆಲ್ಲಗೆ ತಾಗಿಸಬೇಕು. ಹೇಳುವುದಕ್ಕೆ ಸುಲಭ. ಬೆರಳು ಹತ್ತಿರ ಬಂದ ಕೂಡಲೇ ರೆಪ್ಪೆ ಟಪ್ಪೆಂದು ಬಿದ್ದು ಲೆನ್ಸು ಕೆನ್ನೆಯ ಮೇಲೆ, ಮೀಸೆಯ ಮೇಲೆ, ಒಮ್ಮೆ ಅಂಗಿಯ ಜೇಬಿನೊಳಗೆ ಹೋಗಿ ಕೂತಿತು.

ಅಂತೂ ಒಂದು ಸಲ ಒಳಗೆ ಹೋಯಿತು. ಅಯ್ಯಪ್ಪಾ! ಕಣ್ಣಿನಲ್ಲಿ ಉಗುರು ಕತ್ತರಿಸಿ ಹಾಕಿದಂತಾಗಿ ಧಾರಾಕಾರ ನೀರು. ಮೂಗಲ್ಲೂ ನೀರು. ನಾನು ಗಾಬರಿಯಲ್ಲಿ ಕಣ್ಣು ಹೊರಳಿಸಿದೆ, ಲೆನ್ಸು ಜಾರಿ ಬಿಳಿಗುಡ್ಡೆಯ ಮೂಲೆಗೆ ಸರಿಯಿತು.

"ಮೇಡಂ, ಕಾಣವಲ್ದು! ಹಿಂದಕ್ಕ ಹೋತು! ತಲಿಯೊಳಗ ಸೇರಿಬಿಟ್ರ ಏನ್ ಮಾಡೋದ್ರಿ?"

"ಸರ್, ತಲೆಗೆ ಹೋಗಕ್ಕೆ ದಾರೀನೇ ಇಲ್ಲ. ರೆಪ್ಪೆ ಒಳಗಡೆ ಪೊರೆ ಮಡಚ್ಕೊಂಡಿರತ್ತೆ, ಅಲ್ಲಿಗೆ ಮುಗೀತು. ಕೆಳಗೆ ನೋಡಿ. ಉಸಿರಾಡಿ ಮೊದಲು."

ಉಸಿರು ಹಿಡಿದಿದ್ದೇನೆಂದು ಆಗಲೇ ಗೊತ್ತಾದದ್ದು. ಅವರು ರೆಪ್ಪೆಯ ಮೇಲಿಂದ ಒತ್ತಿ ಲೆನ್ಸನ್ನು ನಡುವಿಗೆ ತಂದರು. ಪುಟ್ಟ ರಬ್ಬರಿನ ಕಡ್ಡಿಯೊಂದರ ತುದಿ ತಾಗಿಸಿ ಅದನ್ನು ಹೀರಿ ತೆಗೆಯುವುದನ್ನು ತೋರಿಸಿದರು. ಹೊರಗೆ ಕಾಯುತ್ತಿದ್ದ ನನ್ನ ಹೆಂಡತಿ ನನ್ನ ಕೆಂಪು ಕಣ್ಣು ನೋಡಿ, "ಯಾರರ ಬಡದಾರೇನ್ರಿ ಒಳಗ?" ಎಂದಳು.

ಮನೆಯಲ್ಲಿ ಅಭ್ಯಾಸ ಶುರುವಾಯಿತು. ಮೊದಲು ಸ್ವಲ್ಪ ಹೊತ್ತು, ಆಮೇಲೆ ದಿನದಿನಕ್ಕೆ ಇನ್ನಷ್ಟು ಹೊತ್ತು. ಫ್ಯಾನ್ ಹಾಕಿದರೆ ಕಣ್ಣು ಒಣಗಿ ಲೆನ್ಸು ಕೆರೆಯುತ್ತಿತ್ತು. ಒಗ್ಗರಣೆಯ ಹೊಗೆಗೆ ಉರಿಯುತ್ತಿತ್ತು. ಹೆಂಡತಿ ಮೆಣಸಿನಕಾಯಿ ಹುರಿಯುವ ಮುಂಚೆ "ಹೊರಗ ನಡೀರಿ" ಎಂದು ಕೂಗಿ ಹೇಳುತ್ತಿದ್ದಳು. ನಿಧಾನಕ್ಕೆ ಕಣ್ಣು ಒಪ್ಪಿಕೊಂಡಿತು. ಮನೆಯ ಬಾಗಿಲಲ್ಲಿ ಕೂತು ಬೀದಿ ತುದಿಯ ಅಂಗಡಿಯ ಬೋರ್ಡನ್ನು ಅಕ್ಷರ ಅಕ್ಷರ ಓದಿದ ದಿನ ಖುಷಿಯಿಂದ ಅಳು ಬಂತು. ಅತ್ತರೆ ಲೆನ್ಸು ಜಾರೀತೆಂದು ಅದನ್ನೂ ತಡೆದುಕೊಂಡೆ.

ಫಿಟ್‌ನೆಸ್ ಪರೀಕ್ಷೆಯಲ್ಲಿ ಪಾಸಾದೆ. ಸರ್ಟಿಫಿಕೇಟ್ ನೋಡಿದ ಸಾಹೇಬರು, ಮಕ್ಕಳನ್ನು ಹತ್ತಿಸುವ ಮೊದಲು ಖಾಲಿ ಬಸ್ಸಿನಲ್ಲಿ ಒಂದು ಸುತ್ತು ಹೋಗಿಬನ್ನಿ ಎಂದು ನಮ್ಮ ಹಿರಿಯ ಡ್ರೈವರನ್ನು ಜೊತೆಗೆ ಕಳಿಸಿದರು. ಅವರು ಇಲ್ಲೇ ಜಾಲಹಳ್ಳಿ ಬಳಿಯ ಸಿಂಗಾಪುರದವರು. ಅದು ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದವರು. ನಾನು ಅವರನ್ನು ಅಣ್ಣ ಎನ್ನುತ್ತೇನೆ.

ಬಾಗಲಗುಂಟೆಯ ಮೈದಾನದ ಬದಿಯಿಂದ ಬಸ್ಸು ತೆಗೆದೆ. ಜಾಲಹಳ್ಳಿ ಕ್ರಾಸು, ಗೊರಗುಂಟೆಪಾಳ್ಯ, ರಿಂಗ್ ರೋಡು. ಮುಂದಿನ ಲಾರಿಯ ಹಿಂದೆ ಬರೆದದ್ದೆಲ್ಲ ಸ್ವಚ್ಛವಾಗಿ ಕಾಣುತ್ತಿತ್ತು. ಬಿಇಎಲ್ ಸರ್ಕಲ್ ದಾಟಿದ ಮೇಲೆ ಬಲಗಣ್ಣಿನಲ್ಲಿ ಏನೋ ಚುಚ್ಚಿತು. ಮಿಟುಕಿಸಿದೆ. ಇನ್ನಷ್ಟು ಚುಚ್ಚಿತು. ಹೋಗುತ್ತದೆ, ಈಗ ಹೋಗುತ್ತದೆ ಎಂದುಕೊಂಡೇ ಹೆಬ್ಬಾಳದ ಮೇಲ್ಸೇತುವೆ ಏರಿದೆ. ನಡು ಸೇತುವೆಯಲ್ಲಿ ಕೆಂಡ ಇಟ್ಟಂತಾಯಿತು.

ಒಂದು ಕಣ್ಣಿಗೆ ನೋವಾದರೆ ಇನ್ನೊಂದು ಕಣ್ಣೂ ತಾನಾಗಿ ಮುಚ್ಚಿಕೊಳ್ಳುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಎರಡೂ ಮುಚ್ಚಿದವು. ಬಿಡಿಸಲು ನೋಡಿದರೆ ಬರೀ ನೀರು, ನೀರಿನ ಹಿಂದೆ ಬಣ್ಣಗಳು.

"ಅಣ್ಣಾ, ಕಣ್ಣು ಕಾಣವಲ್ದು!"

ಬೇರೆ ಯಾರಾದರೂ ಆಗಿದ್ದರೆ ಕಿರುಚುತ್ತಿದ್ದರು. ಅವರು ಎದ್ದು ಬಂದು ನನ್ನ ಹೆಗಲ ಮೇಲಿಂದ ಕೈ ಚಾಚಿ ಸ್ಟೇರಿಂಗ್ ಹಿಡಿದರು. "ಬ್ರೇಕ್ ಗುದ್ಬೇಡ. ಕಾಲ್ ಎತ್ತು ಆಕ್ಸಿಲೇಟ್ರಿಂದ. ಇಂಡಿಕೇಟ್ರು ನಾನ್ ಆಕ್ತೀನಿ. ಎಡಕ್ಕೆ, ಎಡಕ್ಕೆ ಬಾ. ಸಾಕು. ಈಗ ಮೆತ್ತುಗ್ ಒತ್ತು. ಇನ್ನೂ. ಆಂ, ನಿಂತ್ಕೊಂತು."

ಬಸ್ಸು ತಡೆಗೋಡೆಯ ಪಕ್ಕ ನಿಂತಿತು. ಹಿಂದಿನಿಂದ ಹಾರನ್ನುಗಳ ಮಳೆ. ರಬ್ಬರ್ ಕಡ್ಡಿ ಹುಡುಕಿ ಹೇಗೋ ಲೆನ್ಸು ಕಿತ್ತು ಡಬ್ಬಿಗೆ ಹಾಕಿದೆ. ಆಮೇಲೆ ಬಸ್ಸನ್ನು ಅಣ್ಣನೇ ಓಡಿಸಿದರು.

ಆಸ್ಪತ್ರೆಯಲ್ಲಿ ಮೇಡಂ ಕಣ್ಣಿಗೆ ಹಳದಿ ಔಷಧಿ ಬಿಟ್ಟು ನೀಲಿ ಬೆಳಕಿನಲ್ಲಿ ನೋಡಿದರು. "ಗೀರಾಗಿದೆ ಸರ್. ಧೂಳು ಹೋಗಿರ್ಬೇಕು. ವಾಸಿಯಾಗೋವರೆಗೂ ಲೆನ್ಸ್ ಬೇಡ, ಈ ಡ್ರಾಪ್ಸ್ ಬಿಡಿ. ಇನ್ಮೇಲೆ ಕಿಟಕಿ ಮುಚ್ಕೊಂಡು ಓಡ್ಸಿ" ಎಂದರು. ಡಾಕ್ಟರು ಬಂದು ನೋಡಿ, ಇದೇ ಜಾಗದಲ್ಲಿ ಪದೇಪದೇ ಗೀರಾದರೆ ಕಲೆ ಉಳಿಯಬಹುದು ಎಂದು ತಣ್ಣಗೆ ಹೇಳಿ ಹೋದರು. ಅವರಿಗೇನು, ಹೇಳಿ ಹೋದರು. ನಾನು ಮನೆಗೆ ಬಂದು ಕನ್ನಡಿಯಲ್ಲಿ ಬಿಳಿ ಚುಕ್ಕೆ ಹುಡುಕುತ್ತಾ ಕೂತೆ.

ಗೀರು ಮಾಗಿದ ಮೇಲೆ ಎರಡನೇ ಸಲ ಹೊರಟೆವು. ಕಿಟಕಿಯೆಲ್ಲ ಬಿಗಿಯಾಗಿ ಮುಚ್ಚಿ, ಸೆಕೆಯಲ್ಲಿ ಬೆಂದುಕೊಂಡು. ಈ ಸಲ ಬಿಇಎಲ್ ಸರ್ಕಲ್ಲಿಗೆ ಮುಂಚೆಯೇ ಚುಚ್ಚಿತು. ಚುಚ್ಚಿದ ತಕ್ಷಣ ಬದಿಗೆ ನಿಲ್ಲಿಸಿ ಕೆಳಗಿಳಿದು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಕಾಲೇಜು ಶುರುವಾಗಲು ವಾರವೂ ಉಳಿದಿರಲಿಲ್ಲ.

ಲೆನ್ಸು ತೊಳೆಯದೆ ಡಬ್ಬಿಯಲ್ಲಿ ಹಾಗೇ ಒಯ್ದಿದ್ದೆ. ಮೇಡಂ ಅದನ್ನು ಯಂತ್ರದಲ್ಲಿ ದೊಡ್ಡದು ಮಾಡಿ ನೋಡಿ, "ಬೂದು ಬಣ್ಣದ ಪುಡಿ ಇದೆ. ಇದು ರೋಡ್ ಧೂಳಲ್ಲ ಅನ್ಸತ್ತೆ" ಎಂದರು. ನನ್ನ ಹಣೆಯತ್ತ ನೋಡಿದರು. ವಿಭೂತಿ.

"ಮೇಡಂ, ಸ್ನಾನ ಆದ್ಮ್ಯಾಲ ಮೊದಲ ವಿಭೂತಿ ಹಚ್ಕೋತೀನ್ರಿ. ಆಮ್ಯಾಲ ಕೈ ತೊಳದು ಲೆನ್ಸ್ ಹಾಕ್ಕೋತೀನಿ. ಕಣ್ಣಿಗೆ ಕೈ ಹಚ್ಚೂದಿಲ್ರಿ, ನಮ್ಮಪ್ಪನ ಆಣಿಗೂ."

ಮನೆಯಿಂದ ಹೊರಟಾಗಿನಿಂದ ಏನೇನು ಮಾಡುತ್ತೀರಿ ಹೇಳಿ ಎಂದರು. ಎಲ್ಲ ಹೇಳಿದೆ. ಮತ್ತೆ ಹೇಳಿಸಿದರು. ಎಲ್ಲೂ ಏನೂ ಸಿಗಲಿಲ್ಲ. ಅವರು ಸ್ವಲ್ಪ ಯೋಚಿಸಿ, ಒಂದು ಸ್ಟೀಲಿನ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. "ಇದು ಸ್ಟೇರಿಂಗ್. ಈ ಕುರ್ಚಿ ನಿಮ್ ಸೀಟು. ಹೇಳ್ಬೇಡಿ, ಮಾಡಿ ತೋರ್ಸಿ."

ನಾಚಿಕೆಯಾಯಿತು. ಆದರೂ ಮಾಡಿದೆ. ಬಸ್ಸು ಹತ್ತಿದಂತೆ ಕುರ್ಚಿ ಏರಿ ಕೂತೆ. ಗಾಜಿನ ಮುಂದಿರುವ ದೇವರ ಫೋಟೋಗೆ ಊದುಬತ್ತಿ ಬೆಳಗಿದೆ. ಪಕ್ಕದಲ್ಲಿಟ್ಟ ವಿಭೂತಿಗಟ್ಟಿಗೆ ಮೂರು ಬೆರಳು ಒತ್ತಿ ಸ್ಟೇರಿಂಗಿನ ನಡುವೆ ಎಳೆದೆ. ಬೆರಳನ್ನು ಬಟ್ಟೆಗೆ ಒರೆಸಿದೆ. ಕೀ ತಿರುಗಿಸಿದೆ. ಗೇರ್ ಹಾಕಿದೆ.

"ನಿಲ್ಸಿ" ಎಂದರು ಮೇಡಂ. "ಕೀ ತಿರುಗ್ಸೋ ಮುಂಚೆ ಏನ್ ಮಾಡಿದ್ರಿ?"

"ಬೆರಳ ಒರಿಸಿದ್ನಿ."

"ಅದಾದ್ಮೇಲೆ?"

"ಏನೂ ಇಲ್ರಿ."

"ಸರ್, ಸ್ಟೇರಿಂಗ್ ಮುಟ್ಟಿ ಎರಡೂ ಕಣ್ಣಿಗೆ ಒತ್ಕೊಂಡ್ರಿ."

ಇಲ್ಲ ಎಂದೆ. ಹೌದು ಎಂದರು. ಇಲ್ಲವೇ ಇಲ್ಲ ಎಂದು ಸಿಟ್ಟೇ ಬಂತು. ಜೊತೆಗೆ ಬಂದಿದ್ದ ನನ್ನ ಹೆಂಡತಿ ಬಾಗಿಲ ಬಳಿಯಿಂದ, "ಒತ್ಕೊಂಡ್ರಿ. ನಾನೂ ನೋಡಿದ್ನಿ" ಎಂದಳು. ಮತ್ತೊಮ್ಮೆ ಮಾಡಿದೆ. ಈ ಸಲ ನನ್ನ ಕೈಯನ್ನೇ ಕಾಯುತ್ತಿದ್ದೆ. ತಟ್ಟೆ ಮುಟ್ಟಿದ ಬೆರಳುಗಳು ನನ್ನನ್ನು ಕೇಳದೆ ಮೇಲಕ್ಕೆದ್ದು ರೆಪ್ಪೆಗಳ ಹತ್ತಿರ ಬಂದಿದ್ದವು. ದಾರಿಯಲ್ಲಿ ಗುಡಿ ಕಂಡಾಗಲೂ ಇದನ್ನೇ ಮಾಡುತ್ತೇನೆ. ಎಷ್ಟು ಗುಡಿಗಳಿವೆ ನಮ್ಮ ದಾರಿಯಲ್ಲಿ! ವಿಭೂತಿ ಎಳೆದ ಸ್ಟೇರಿಂಗ್ ಹಿಡಿದು, ಅದೇ ಕೈಯನ್ನು ಮತ್ತೆ ಮತ್ತೆ ಕಣ್ಣಿಗೆ. ಮೊದಲ ಲಾರಿ ಹತ್ತಿದ ದಿನ ನನ್ನ ಗುರು ಕಲಿಸಿದ್ದು: ಗಾಡಿಗೆ ನಮಸ್ಕಾರ ಮಾಡದೆ ಕೀ ತಿರುಗಿಸಬಾರದು. ಅದು ಉಸಿರಾಟದಷ್ಟೇ ಅಭ್ಯಾಸವಾಗಿ ಹೋಗಿತ್ತು. ಉಸಿರಾಡಿದೆ ಎಂದು ಯಾರು ಹೇಳುತ್ತಾರೆ?

"ಪೂಜೆ ಬಿಡಿ ಅಂತ ನಾನ್ ಹೇಳಲ್ಲ" ಎಂದರು ಮೇಡಂ. "ಪೂಜೆ ಆದ್ಮೇಲೆ ಕೈ, ಸ್ಟೇರಿಂಗ್ ಎರಡೂ ಒರೆಸ್ಕೊಳ್ಳಿ. ಆದ್ರೆ ಕಣ್ಣಿಗೆ ಒತ್ತೋದು ಮಾತ್ರ ನಿಲ್ಬೇಕು. ಪುಡಿ ಇಲ್ದೇ ಇದ್ರೂ, ಒತ್ತಿದ್ರೆ ಲೆನ್ಸ್ ಜಾರತ್ತೆ. ಓಡಿಸ್ತಾ ಇರುವಾಗ ಜಾರಿದ್ರೆ ಗೊತ್ತಲ್ಲ."

ಕಾರಣ ಸಿಕ್ಕಿತೆಂದು ಹಗುರಾಗಬೇಕಿತ್ತು. ನನಗೆ ಅದಕ್ಕಿಂತ ದೊಡ್ಡ ಭಯ ಹಿಡಿಯಿತು. ಧೂಳಾಗಿದ್ದರೆ ಕಿಟಕಿ ಮುಚ್ಚಬಹುದಿತ್ತು. ನನ್ನ ಕೈಯನ್ನು ಹೇಗೆ ಮುಚ್ಚಲಿ? ಈ ಕೈ ನನಗೆ ತಿಳಿಯದೆ ಇನ್ನೇನೇನು ಮಾಡುತ್ತದೋ.

ಈ ಸಲ ಆಗಿದ್ದ ಸಣ್ಣ ಗೀರು ಮಾಗುವುದಕ್ಕೂ ಕಾಲೇಜು ಶುರುವಾಗುವುದಕ್ಕೂ ಸರಿಹೋಯಿತು. ಹಿಂದಿನ ದಿನ ನಿಂತ ಬಸ್ಸಿನಲ್ಲಿ ಕೂತು ನೋಡಿದೆ. ಎಷ್ಟೇ ಎಚ್ಚರವಾಗಿದ್ದರೂ ಗಮನ ಒಂದಿಷ್ಟು ಅತ್ತಿತ್ತ ಹೋದರೆ ಕೈ ಮೇಲೇಳುತ್ತಿತ್ತು. ಅಣ್ಣನಿಗೆ ಹೇಳಿದೆ.

"ಸರ್ಟಿಫಿಕೇಟ್ ಐತಲ್ಲ ಗುರು. ಯಾರ್ ಕೇಳ್ತಾರೆ ನಿನ್ನ? ನಾಳೆ ಓಡ್ಸು, ಓಡುಸ್ತಾ ಓಡುಸ್ತಾ ಅಭ್ಯಾಸ ಆಯ್ತದೆ. ಗೇಟಿಗ್ ಹೋದ್ರೆ ಈ ರೂಟ್ ಬ್ಯಾರೆಯೋರ್ಗೆ ಕೊಟ್ಬುಡ್ತಾರೆ. ಇಂಗೆ ಎದುರ್ಕೊಂಡ್ರೆ ಎಂಗೆ?"

"ಅವತ್ತ ನೀವಿದ್ರಿ ಅಣ್ಣಾ. ನಾಳೆ ಯಾರ್ ಹಿಡೀತಾರ ಸ್ಟೇರಿಂಗ?"

ಅವರು ಸಾಹೇಬರ ಕೋಣೆಯತ್ತ ಕೈ ತೋರಿಸಿದರು.

ಸಾಹೇಬರ ಕೋಣೆಗೆ ಹೋಗಿ, "ಸರ್, ಕಣ್ಣು ಫಿಟ್ ಅದಾವ. ಕೈ ಇನ್ನೂ ಫಿಟ್ ಆಗಿಲ್ರಿ. ಬಸ್ ಬ್ಯಾಡ್ರಿ ಸದ್ಯಕ್ಕ" ಎಂದೆ. ಅವರಿಗೆ ತಲೆಬುಡ ಅರ್ಥವಾಗಲಿಲ್ಲ. ವಿವರಿಸಿದ ಮೇಲೆ ಹಣೆ ತಿಕ್ಕಿಕೊಂಡರು. "ಕೊನೇ ಗಳಿಗೇಲಿ ಹೇಳ್ತೀರಲ್ರೀ! ಇನ್ನೊಬ್ಬರನ್ನ ಹಾಕ್ತೀನಿ. ಅವರು ಚೆನ್ನಾಗಿ ಓಡಿಸಿದ್ರೆ ರೂಟ್ ವಾಪಸ್ ಕೊಡ್ತೀನಿ ಅಂತ ನಾನು ಮಾತು ಕೊಡಲ್ಲ." ಆಗಲಿ ಸರ್ ಎಂದೆ.

ಗೇಟಿನಲ್ಲಿ ನಿಂತೆ. ಲೆನ್ಸ್ ಹಾಕಿಕೊಂಡೇ ನಿಂತೆ. ನನ್ನ ಬಸ್ಸು ದಿನವೂ ನನ್ನ ಮುಂದೆಯೇ ಒಳಗೆ ಬರುತ್ತಿತ್ತು, ನಾನೇ ಗೇಟು ತೆಗೆಯುತ್ತಿದ್ದೆ. ಮಧ್ಯಾಹ್ನ ಊಟವಾದ ಮೇಲೆ ನಿಂತ ಬಸ್ಸಿನೊಳಗೆ ಹತ್ತಿ ಕೂತು ಸ್ಟೇರಿಂಗ್ ಮುಟ್ಟಿ ಕೈಯನ್ನು ಎದೆಗೆ ಒತ್ತಿಕೊಳ್ಳುವುದನ್ನು ರೂಢಿ ಮಾಡುತ್ತಿದ್ದೆ. ಎದೆ, ಎದೆ, ಎದೆ. ಗಮನ ತಪ್ಪಿದರೆ ಕಣ್ಣು. ಕೈಗೆ ಬೈದೆ, ಬೆರಳಿಗೆ ದಾರ ಕಟ್ಟಿದೆ. ಏನೂ ನಡೆಯಲಿಲ್ಲ.

ಉಪಾಯ ಹೇಳಿದವಳು ಹೆಂಡತಿ. ನಾನು ಗೋಳಾಡುವುದನ್ನು ಕೇಳಿ ಕೇಳಿ ಸಾಕಾಗಿ, "ಬಾಗಲಾ ಹಾಕಿದ್ರ ಬೆಕ್ಕು ಹೆಂಗ ಬರ್ತೈತ್ರಿ?" ಎಂದಳು. ನನ್ನ ಹಳೆಯ ಕನ್ನಡಕವನ್ನು ಅಂಗಡಿಗೆ ಒಯ್ದು, ಪವರ್ ಇಲ್ಲದ ಸಾದಾ ಗಾಜು ಹಾಕಿಸಿಕೊಂಡು ಬಂದಳು. ಲೆನ್ಸಿನ ಮೇಲೆ ಅದನ್ನೂ ಏರಿಸಿದೆ. ಮೊದಲ ದಿನ ಬೆರಳು ಹೋಗಿ ಟಕ್ಕೆಂದು ಗಾಜಿಗೆ ಬಡಿಯಿತು. ಪ್ರತಿಸಲವೂ ಬಡಿಯಿತು. ಬಡಿದಾಗಲೆಲ್ಲ ಎಚ್ಚರವಾಗಿ ಕೈಯನ್ನು ಎದೆಗೆ ಇಳಿಸುತ್ತಿದ್ದೆ. ಸೆಕ್ಯೂರಿಟಿಯವರು "ಲೆನ್ಸ್ ಮೇಲೆ ಕನ್ನಡಕ, ಏನ್ ಸ್ಟೈಲ್ ಗುರು" ಎಂದು ನಕ್ಕರು, ನಗಲಿ ಬಿಡಿ ಎಂದುಕೊಂಡೆ. ಒಂದು ದಿನ ಗಾಜಿಗೆ ಬಡಿಯದೆ ಕೈ ತಾನಾಗಿ ಎದೆಗೆ ಹೋಯಿತು. ಮರುದಿನವೂ ಹೋಯಿತು. ಆ ವಾರವೆಲ್ಲ ಹಾಗೇ ಹೋದ ಮೇಲೆ ಅಣ್ಣ ಸಾಹೇಬರ ಹತ್ತಿರ ತಾವಾಗಿಯೇ ಹೋಗಿ ನನ್ನ ಪರವಾಗಿ ಮಾತಾಡಿದರು. ಸಾಹೇಬರು ಅಣ್ಣನನ್ನೇ ಕೂರಿಸಿ ಮತ್ತೆ ಖಾಲಿ ಬಸ್ಸು ಓಡಿಸಲು ಹೇಳಿದರು. ಅಲ್ಲಲ್ಲಿ ನಿಲ್ಲಿಸುತ್ತಾ ಹೋಗಿಬಂದೆವು. ಏನೂ ಆಗಲಿಲ್ಲ. ನನ್ನ ರೂಟಿಗೆ ಹಾಕಿದ್ದ ಹುಡುಗನಿಗೆ ಬೇರೆ ಬಸ್ಸು ಕೊಟ್ಟು, ಸೋಮವಾರದಿಂದ ನೀವೇ ತೆಗೆದುಕೊಳ್ಳಿ ಎಂದು ಕೀ ಕೊಟ್ಟರು.

ಸೋಮವಾರ ಬೆಳಿಗ್ಗೆ ಮಕ್ಕಳು ಹತ್ತಿದರು. ಕೆಲವರು ಎಲ್ಲಿಗೆ ಹೋಗಿದ್ರಿ ಅಂಕಲ್ ಎಂದು ಕೇಳಿದರು. ಕೆಲವರು ಕಿವಿಗೆ ಹಾಕಿಕೊಂಡದ್ದನ್ನು ತೆಗೆಯದೆ ಒಳಗೆ ಹೋದರು. ಬಿಇಎಲ್ ಸರ್ಕಲ್ ಬಂದಾಗ ಕಣ್ಣು ಮಿಟುಕಿಸಿದೆ, ನೋವಿಲ್ಲ. ಹೆಬ್ಬಾಳದ ಮೇಲ್ಸೇತುವೆ ಏರುವಾಗ ಹಿಂದೆ ಸದ್ದೇ ಇಲ್ಲದ್ದನ್ನು ಗಮನಿಸಿ ತಲೆಯ ಮೇಲಿನ ದೊಡ್ಡ ಕನ್ನಡಿಯತ್ತ ನೋಡಿದೆ.

ಆ ಕನ್ನಡಿಯಲ್ಲಿ ನನಗೆ ಯಾವಾಗಲೂ ಕಾಣುತ್ತಿದ್ದದ್ದು ಬಣ್ಣ ಬಣ್ಣದ ಬಟ್ಟೆಗಳ ಕಲಸುಮೇಲೋಗರ. ಮೊಬೈಲ್ ನೋಡುತ್ತಾ ಕೂತಿರುತ್ತಾರೆ ಎಂದುಕೊಂಡಿದ್ದೆ. ಅವತ್ತು ಮುಖಗಳು ಕಂಡವು. ಮುಂದಿನ ಸೀಟಿನಿಂದ ಕೊನೆಯ ಸೀಟಿನವರೆಗೆ ಒಂದೊಂದೂ ಬೇರೆ ಬೇರೆಯಾಗಿ, ಸ್ಪಷ್ಟವಾಗಿ ಕಂಡವು. ಎಲ್ಲರೂ ಮಲಗಿದ್ದರು. ಒಬ್ಬಳು ಗೆಳತಿಯ ಹೆಗಲಿಗೆ ಒರಗಿ, ಒಬ್ಬ ಬಾಯಿ ತೆರೆದುಕೊಂಡು, ಒಬ್ಬ ಕಿಟಕಿಗೆ ಕೆನ್ನೆ ಒತ್ತಿ. ದೀಪಗಳಿಗೆ ಬಾಲ ಬೆಳೆದಿದ್ದ ಆ ತಿಂಗಳುಗಳಲ್ಲೂ ಇವರು ದಿನಾ ಬೆಳಿಗ್ಗೆ ನನ್ನ ಹಿಂದೆ ಹೀಗೇ ನಿದ್ದೆ ಮಾಡುತ್ತಿದ್ದರು.

ಕನ್ನಡಿಯಿಂದ ಕಣ್ಣು ಕಿತ್ತು ರಸ್ತೆಗೆ ತಂದೆ. ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು, ಗೇರ್ ಒಂದು ಕೆಳಗಿಳಿಸಿ, ಯಾರಿಗೂ ಎಚ್ಚರವಾಗದ ಹಾಗೆ ಸೇತುವೆ ಇಳಿದೆ.